ಗ್ರಂಧಿಗೆ ಅಂಗಡಿಯ ಮಾತು

ಹೋದ ವರ್ಷ ಒಂಬತ್ತು ತಿಂಗಳ ಕಾಲ ನನ್ನ ಕೆಲಸ ಹಸಿರು ಗುಂಡಿ ಒತ್ತುವುದಾಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ಒಂದು ಸಂದೇಶ ಬರುತ್ತಿತ್ತು, ಅದರ ಕೆಳಗೆ ಎರಡು ಗುಂಡಿ. ಹಸಿರು ಒತ್ತಿದರೆ ಒಪ್ಪಿಗೆ, ಹಳದಿ ಒತ್ತಿದರೆ ತಿದ್ದುಪಡಿ. ಹಸಿರು ಒತ್ತಿದ ಕೂಡಲೇ ಆ ಸಂದೇಶ ಯಾರದೋ ಫೋನಿಗೆ ಹೋಗಿ ಬೀಳುತ್ತಿತ್ತು, ಮುಂದಿನದು ಬಂದು ಕೂರುತ್ತಿತ್ತು. ಬೆಳಗ್ಗೆ ಹತ್ತಕ್ಕೆ ಕೂತರೆ ಸಂಜೆಯೊಳಗೆ ಮುನ್ನೂರು ಮುಗಿಯಬೇಕು. ಇಪ್ಪತ್ತೆರಡು ವರ್ಷ ಜಾಹೀರಾತು ಬರೆದವಳು ನಾನು. ಈ ಊರಿನ ಎಷ್ಟೋ ಸೀರೆ ಅಂಗಡಿ, ಟ್ಯುಟೋರಿಯಲ್, ಕಣ್ಣಿನ ಆಸ್ಪತ್ರೆ, ಕಡಕೊಳದ ಕಾರ್ಖಾನೆಗಳು ಆಡುವ ಮಾತು ನನ್ನ ಮೇಜಿನಿಂದ ಹೊರಟದ್ದು. ಕೊನೆಗೆ ಬಂದು ನಿಂತದ್ದು ಒಂದು ಬೆರಳಿನ ಕೆಲಸಕ್ಕೆ.

ನಮ್ಮ ಏಜೆನ್ಸಿ ಇರುವುದು ಸರಸ್ವತಿಪುರಂನಲ್ಲಿ, ಒಂದು ತಿಂಡಿ ಹೋಟೆಲಿನ ಮೇಲಿನ ಮಹಡಿಯಲ್ಲಿ. ಹನ್ನೊಂದು ಗಂಟೆಯಾದರೆ ಕೆಳಗಿನಿಂದ ಒಗ್ಗರಣೆ ಘಾಟು ಬಂದು ಎಲ್ಲರೂ ಒಮ್ಮೆ ಕೆಮ್ಮುತ್ತೇವೆ. ನಡೆಸುವ ಬಾಸ್ ನನಗಿಂತ ಆರು ವರ್ಷ ದೊಡ್ಡವರು. ಶುರುವಿನಲ್ಲಿ ಸ್ಕೂಟರಿನ ಮೇಲೆ ಅಂಗಡಿ ಅಂಗಡಿ ಸುತ್ತಿ ಜಾಹೀರಾತು ತಂದವರು. ಅವರು ತರುತ್ತಿದ್ದರು, ನಾನು ಬರೆಯುತ್ತಿದ್ದೆ. ಮನುಷ್ಯ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು.

ನಮ್ಮ ಮೊದಲ ದೊಡ್ಡ ಗಿರಾಕಿ ಒಂದು ಗ್ರಂಧಿಗೆ ಅಂಗಡಿ. ನಾಮಕರಣದಿಂದ ಹಿಡಿದು ಮದುವೆ, ಗೃಹಪ್ರವೇಶ, ಕೊನೆಗೆ ಸ್ಮಶಾನದ ಖರ್ಚಿನ ಸಾಮಾನಿನವರೆಗೆ ಎಲ್ಲವೂ ಒಂದೇ ಕಡೆ ಸಿಗುವ ಅಂಗಡಿ ಅದು. ಅರಿಶಿನ, ಕುಂಕುಮ, ಕರ್ಪೂರ, ಬಜೆ, ಅಳಲೆಕಾಯಿ, ದರ್ಭೆ, ಎಲ್ಲದರ ವಾಸನೆ ಕಲೆತು ಅಂಗಡಿಗೇ ಒಂದು ಬೇರೆ ವಾಸನೆ. ಮಾಲೀಕರನ್ನು ಎಲ್ಲರೂ ಸಾಹುಕಾರರು ಎನ್ನುತ್ತಿದ್ದರು. ಮೊದಲ ದಿನ ನಾನು ಮನೆಯಲ್ಲೇ ಕೂತು ಬರೆದ ಭಾರಿ ಸಾಲುಗಳನ್ನು ಅವರೆದುರು ಓದಿದೆ. ಭಕ್ತಿ, ಪರಂಪರೆ, ಪರಿಶುದ್ಧತೆ, ಎಲ್ಲವನ್ನೂ ತುಂಬಿದ್ದೆ. ಅವರು ಪೂರ್ತಿ ಕೇಳಿ, ತಕ್ಕಡಿ ಒರೆಸುತ್ತಲೇ ಹೇಳಿದರು.

"ಚೆನ್ನಾಗದೆ. ಆದ್ರೆ ಹಿಂಗೆ ಯಾರು ಮಾತಾಡ್ತಾರಮ್ಮ? ಎರಡ್ ದಿನ ಇಲ್ಲಿ ಕೂತ್ಕೊ. ಕೇಳಿಸ್ಕೊ. ಆಮೇಲ್ ಬರಿ."

ಕರ್ಪೂರದ ಡಬ್ಬಿಗಳ ಪಕ್ಕ ಒಂದು ಮರದ ಸ್ಟೂಲ್ ಹಾಕಿಸಿಕೊಟ್ಟರು. ನನಗೆ ಸಿಟ್ಟು ಬಂದಿತ್ತು. ಡಿಗ್ರಿ ಮುಗಿಸಿ ಬಂದವಳನ್ನು ಅಂಗಡಿ ಕಾಯಲು ಕೂರಿಸಿದರಲ್ಲ ಎಂದು ಮುಖ ಊದಿಸಿಕೊಂಡೇ ಕೂತೆ. ಆದರೆ ಮಧ್ಯಾಹ್ನದ ಹೊತ್ತಿಗೆ ಚೀಲದಿಂದ ನೋಟ್‌ಬುಕ್ ತೆಗೆದಿದ್ದೆ. ಒಬ್ಬ ಹೆಂಗಸು ಬಂದು, "ಹೋದ್ಸಲ ಕೊಟ್ಟ ಕುಂಕುಮ ಹಣೇಲಿ ನಿಲ್ಲಲ್ಲ ಕಣ್ರೀ, ಮೂಗಿನ್ ಮೇಲೆ ಉದುರ್ತದೆ, ಆಫೀಸಲ್ಲಿ ಎಲ್ರೂ ನಗ್ತಾರೆ" ಎಂದಳು. ಇನ್ನೊಬ್ಬಳು, "ಹೊಗೆ ಕಮ್ಮಿ ಇರೋ ಊದುಬತ್ತಿ ಕೊಡಿ, ನಮ್ಮತ್ತೆ ಕೆಮ್ಮುದ್ರೆ ನಂಗೇ ಬೈಗುಳ" ಎಂದಳು. ಈ ಎರಡನೆಯ ಮಾತನ್ನು ಸ್ವಲ್ಪ ತಿರುವಿ ಕಡಕೊಳದ ಊದುಬತ್ತಿ ಕಾರ್ಖಾನೆಗೆ ಕೊಟ್ಟೆ. ಅತ್ತೆ ಕೆಮ್ಮದ ಊದುಬತ್ತಿ ಎಂದು ಸಿಟಿ ಬಸ್ಸುಗಳ ಬೆನ್ನ ಮೇಲೆ ಎರಡು ವರ್ಷ ಓಡಿತು. ನನ್ನ ಅತ್ತೆ ಅದನ್ನು ತಮ್ಮ ಬಗ್ಗೆಯೇ ಬರೆದದ್ದೆಂದು ನಂಬಿ ಒಂದು ತಿಂಗಳು ಮಾತು ಬಿಟ್ಟಿದ್ದರು.

ಅಲ್ಲಿಂದ ಅದೇ ನನ್ನ ಪದ್ಧತಿಯಾಯಿತು. ಯಾವುದೇ ಅಂಗಡಿಗೆ ಬರೆಯುವ ಮುಂಚೆ ಅಲ್ಲಿ ಎರಡು ದಿನ ಕೂರುವುದು, ಜನ ಆಡಿದ್ದನ್ನು ಆಡಿದ ಹಾಗೆಯೇ ಬರೆದುಕೊಳ್ಳುವುದು. ಹಬ್ಬದ ಸೀಸನ್ ಬಂತೆಂದರೆ ಮತ್ತೆ ಸಾಹುಕಾರರ ಸ್ಟೂಲಿಗೆ. ಅವರ ಮಾತನ್ನೂ ಬರೆದುಕೊಳ್ಳುತ್ತಿದ್ದೆ. ಗಂಡಸು ಒಬ್ಬನೇ ಬಂದರೆ, "ಯಾಕೆ, ಅಮ್ಮಾವ್ರು ಬರ್ಲಿಲ್ವಾ? ಮುಂದಿನ್ ಸಲ ಕರ್ಕೊಂಡ್ ಬನ್ನಿ" ಎನ್ನುವರು. ಸಾಮಾನು ಕೈಗೆ ಕೊಟ್ಟ ಮೇಲೆ, ಎರಡು ರೂಪಾಯಿಯ ಕರ್ಪೂರ ಒಯ್ದವರಿಗೂ "ಹೋಗಿ ಬನ್ನಿ" ಎನ್ನುವರು. ಆ "ಹೋಗಿ ಬನ್ನಿ"ಯನ್ನೇ ನಾನು ಅಂಗಡಿಯ ಕಾಗದದ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಇವತ್ತಿಗೂ ಅದೇ ಇದೆ.

ಇನ್ನೊಂದನ್ನೂ ನಾನು ಅಲ್ಲಿ ನೋಡಿದ್ದೆ, ಎರಡನೆಯ ದಿನವೇ. ಒಬ್ಬರು ಬಂದು ಮೆಲ್ಲಗೆ ಎಳ್ಳು, ದರ್ಭೆ, ಗಂಧದ ಚಕ್ಕೆ, ಬಿಳಿ ಬಟ್ಟೆ ಎಂದರು. ಸಾಹುಕಾರರು ಮರುಮಾತಾಡದೆ ಎಲ್ಲವನ್ನೂ ತೆಗೆದು, ಬೇರೆ ಕಾಗದದಲ್ಲಿ ಕಟ್ಟಿ, ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟರು. ಇನ್ನೇನು ಬೇಕು ಎಂದು ಕೇಳಲಿಲ್ಲ. ಚೌಕಾಸಿ ಇಲ್ಲ, ಕುಶಲ ಇಲ್ಲ. ಆತ ಕಟ್ಟನ್ನು ಎತ್ತಿಕೊಳ್ಳುವಾಗ ಸಾಹುಕಾರರು ತಿರುಗಿ ಹಿಂದಿನ ಡಬ್ಬಿಗಳನ್ನು ಸರಿ ಮಾಡುತ್ತಿದ್ದರು. "ಹೋಗಿ ಬನ್ನಿ" ಎನ್ನಲಿಲ್ಲ. ಸಾವಿನ ಸಾಮಾನು ಒಯ್ಯುವವರಿಗೆ ಮತ್ತೆ ಬನ್ನಿ ಎನ್ನಬಾರದು. ಇದನ್ನು ಅವರು ನನಗೆ ಬಿಡಿಸಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ, ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರುವುದೇ. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಲು ಅಲ್ಲಿ ಮಾತೇ ಇರಲಿಲ್ಲ.

ಹೋದ ವರ್ಷ ಬಾಸ್ ರಿಂಗ್ ರೋಡಿನ ಒಂದು ಹೋಟೆಲಿನಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದರು. ಹೋಗುವಾಗ ಸುಮ್ಮನೆ ಹೋದವರು, ಬರುವಾಗ ಒಂದು ಬಟ್ಟೆ ಚೀಲ, ನೀರಿನ ಬಾಟಲಿ, ಮತ್ತು ಕಣ್ಣಿನಲ್ಲಿ ಒಂದು ಹೊಳಪು ತಂದರು. ಎಐ ಎಂಬ ಎರಡಕ್ಷರ ಬಿಟ್ಟು ಬೇರೆ ಮಾತೇ ಇಲ್ಲ. ಒಂದು ತಿಂಗಳೊಳಗೆ ನಮ್ಮ ಡಿಸೈನರ್ ಬೇರೆ ಕಡೆ ನೋಡಿಕೊಂಡ. ನನ್ನ ಜೊತೆ ಹನ್ನೆರಡು ವರ್ಷ ಬರೆದಿದ್ದವಳು ದಟ್ಟಗಳ್ಳಿಯಲ್ಲಿ ಸೈಟು ತೋರಿಸುವ ಕೆಲಸಕ್ಕೆ ಸೇರಿದಳು. ಹೋಗುವ ದಿನ ಅವಳು ತನ್ನ ಪೆನ್ ಸ್ಟ್ಯಾಂಡನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ನಾನು ಉಳಿದೆ. ಯಾಕೆ ಉಳಿದೆ ಎಂದು ಬಾಸ್ ಅವತ್ತೇ ಹೇಳಿದರು.

"ನೀವು ನೋಡ್ತಾ ಇರಿ. ಅದು ಬರೆಯುತ್ತೆ, ನೀವು ಒಪ್ಪಿಗೆ ಕೊಡಿ. ವರ್ಷದ ಕೊನೆಗೆ ಲೆಕ್ಕ ಹಾಕೋಣ. ಮನುಷ್ಯರು ಕೂತು ನೋಡಲೇಬೇಕು ಅನ್ನೋ ಹಾಗಿದ್ರೆ ಆ ಕುರ್ಚಿ ನಿಮ್ಮದೇ. ಬೇಕಾಗಿಲ್ಲ ಅಂತಾದ್ರೆ, ದಸರಾ, ದೀಪಾವಳಿ ಸೀಸನ್‌ಗೆ ಮಾತ್ರ ಬಂದ್ರೆ ಸಾಕು."

ಎಷ್ಟು ಸಲೀಸಾಗಿ ಹೇಳಿದರು. ನಾನೂ ತಲೆಯಾಡಿಸಿದೆ. ಐವತ್ತನೆಯ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗಲಿ. ಆ ಕುರ್ಚಿ ಉಳಿಸಿಕೊಳ್ಳುವುದಷ್ಟೇ ಆ ವರ್ಷ ನನ್ನ ತಲೆಯಲ್ಲಿದ್ದ ವಿಚಾರ.

ಮೊದಲ ಕೆಲಸ ಸಾಹುಕಾರರ ಅಂಗಡಿಯದೇ. ಈಗ ಅದಕ್ಕೆ ಮೂರು ಶಾಖೆ. ಬಿಲ್ ಮಾಡುವಾಗ ಫೋನ್ ನಂಬರ್ ಕೇಳುತ್ತಾರೆ. ಯಾರು ಏನು ಒಯ್ದರು ಎಂಬುದನ್ನು ನೋಡಿ, ಎಐ ಒಬ್ಬೊಬ್ಬರಿಗೂ ಅವರವರಿಗೆ ತಕ್ಕ ಸಂದೇಶ ಬರೆಯಬೇಕು. ಶುರುವಿನಲ್ಲಿ ನನಗೆ ಭಾರಿ ಸಮಾಧಾನವಾಗಿತ್ತು. ಕಾಲು ಕೆಜಿ ಕಡಲೆಬೇಳೆ ಒಯ್ದ ಹೆಂಗಸಿಗೆ ಅದು, "ತಮ್ಮ ಅಮೂಲ್ಯವಾದ ಖರೀದಿಯ ಅನುಭವಕ್ಕಾಗಿ ಹೃತ್ಪೂರ್ವಕ ಕೃತಜ್ಞತೆಗಳು" ಎಂದು ಬರೆಯಿತು. ನಾನು ಬಾಸನ್ನು ಕರೆದು ಗಟ್ಟಿಯಾಗಿ ಓದಿ ತೋರಿಸಿದೆ. ಹಳದಿ ಗುಂಡಿ ಒತ್ತೀ ಒತ್ತೀ ಖುಷಿಪಟ್ಟೆ. ನನ್ನ ಕುರ್ಚಿ ಗಟ್ಟಿ ಎಂದುಕೊಂಡೆ.

ಬಾಸ್ ಒಂದು ವಾರ ಸುಮ್ಮನಿದ್ದು ಆಮೇಲೆ ಕೇಳಿದರು. "ಅದಕ್ಕೆ ನಮ್ಮ ಜನರ ಮಾತಿನ ಮಾದರಿ ಇಲ್ಲ. ನಿಮ್ಮ ನೋಟ್‌ಬುಕ್ ಇದಾವಲ್ಲ. ಟೈಪ್ ಮಾಡಿ ಕೊಡಿ. ನಿಮ್ಮ ಥರಾನೇ ಬರೆಯೋದನ್ನ ಕಲಿಸೋಣ."

ಇಲ್ಲಿ ನನ್ನನ್ನು ನಾನೇ ಬೈದುಕೊಳ್ಳಬೇಕು. ಆಗುವುದಿಲ್ಲ ಎನ್ನಬಹುದಿತ್ತು. ನಿಮ್ಮ ಥರಾನೇ ಎಂದರಲ್ಲ, ಅಲ್ಲಿ ಬಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬರವಣಿಗೆಗೆ ನನ್ನದೇ ಎನ್ನುವ ಒಂದು ಥರ ಇದೆ ಎಂದು ಅವರು ಒಮ್ಮೆಯೂ ಹೇಳಿರಲಿಲ್ಲ. ಹನ್ನೊಂದು ನೋಟ್‌ಬುಕ್ಕುಗಳನ್ನು ಅಟ್ಟದಿಂದ ಇಳಿಸಿ, ದೂಳು ಕೊಡವಿ, ಮೂರು ವಾರ ಕೂತು ನಾನೇ ಟೈಪ್ ಮಾಡಿದೆ. ಕುಂಕುಮದ ಹೆಂಗಸು, ಕೆಮ್ಮುವ ಅತ್ತೆ, ಸೀರೆ ಅಂಗಡಿಯಲ್ಲಿ ಬಣ್ಣ ಒಪ್ಪದೆ ಅಮ್ಮನ ಕೈ ಚಿವುಟಿದ ಮದುಮಗಳು, ಟ್ಯುಟೋರಿಯಲ್ ಬಾಗಿಲಲ್ಲಿ "ನಮ್ಮ ಮಗಂಗೆ ಬುದ್ಧಿ ಅದೆ, ಕೂರೋಕೆ ಆಗಲ್ಲ ಅಷ್ಟೆ" ಎಂದ ಅಪ್ಪ, ಎಲ್ಲರನ್ನೂ ಒಬ್ಬೊಬ್ಬರಾಗಿ ಒಳಗೆ ಕಳಿಸಿದೆ. ಎಲ್ಲೋ ಅಕ್ಷರ ತಪ್ಪಿದ್ದರೆ ಎರಡು ಸಲ ನೋಡಿ ಸರಿ ಮಾಡಿದೆ. ಇಷ್ಟು ನಿಷ್ಠೆಯಿಂದ ನನ್ನ ಮದುವೆಯ ಕರೆಯೋಲೆಯನ್ನೂ ತಿದ್ದಿರಲಿಲ್ಲ.

ಅದಾದ ಮೇಲೆ ಹಳದಿ ಗುಂಡಿಗೆ ಕೆಲಸ ಕಡಿಮೆಯಾಯಿತು. ಬರುವ ಸಂದೇಶಗಳೆಲ್ಲ ನನ್ನವೇ ಎನ್ನುವ ಹಾಗಿದ್ದವು. ಎಲ್ಲೋ ಓದಿದ್ದೇನಲ್ಲ ಎಂದುಕೊಳ್ಳುತ್ತಿದ್ದೆ, ಅದು ನಾನೇ ಹತ್ತು ವರ್ಷದ ಹಿಂದೆ ಬರೆದುಕೊಂಡದ್ದಾಗಿರುತ್ತಿತ್ತು. ಒಂದೊಂದು ಸಲ ನನಗಿಂತ ಚೆನ್ನಾಗಿ ಬರೆದಿರುತ್ತಿತ್ತು. ಆಗ ಬರುತ್ತಿದ್ದ ಸಿಟ್ಟನ್ನು ಯಾರ ಮೇಲೆ ತೀರಿಸಲಿ. ಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. "ಆಫೀಸಲ್ಲಿ ಏನಾಯ್ತು?" ಎಂದು ಗಂಡ ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಏನೂ ಆಗಿರುತ್ತಿರಲಿಲ್ಲವಲ್ಲ. ಮುನ್ನೂರು ಸಲ ಒಪ್ಪಿಗೆ ಕೊಟ್ಟಿರುತ್ತಿದ್ದೆ ಅಷ್ಟೆ.

ಹೀಗಿರುವಾಗ ಒಂದು ಗುರುವಾರ ಬೆಳಗ್ಗೆ ಈ ಸಂದೇಶ ಬಂತು.

"ನಮಸ್ಕಾರ ಸರ್. ಮೊನ್ನೆ ಅಂಗಡಿಗೆ ಬಂದಿದ್ದಿರಿ, ಸಂತೋಷ. ಯಾಕೆ, ಈ ಸಲ ಅಮ್ಮಾವ್ರು ಜೊತೆಗೆ ಬರಲಿಲ್ಲ? ಅವರಿಗೆ ಇಷ್ಟದ ಮಲ್ಲಿಗೆ ಊದುಬತ್ತಿ ಹೊಸದಾಗಿ ಬಂದಿದೆ. ಮುಂದಿನ ಸಲ ಕರೆದುಕೊಂಡು ಬನ್ನಿ. ಹೋಗಿ ಬನ್ನಿ."

ಓದಿ ನಾನು ನಕ್ಕೆ. ಸಾಹುಕಾರರ ಬಾಯಿಯೇ. ಎಷ್ಟೋ ವರ್ಷದ ಹಿಂದೆ ಸ್ಟೂಲಿನ ಮೇಲೆ ಕೂತು ಬರೆದುಕೊಂಡ ಮಾತು ಯಾವ ಜಾಗಕ್ಕೆ ಬಂದು ಎಷ್ಟು ಚೆನ್ನಾಗಿ ಕೂತಿದೆ ಎಂದು ಮೆಚ್ಚಿಕೊಂಡೆ. ಪಕ್ಕದಲ್ಲಿ ಬಿಲ್ಲು ಎಂಬ ಸಣ್ಣ ಅಕ್ಷರ ಇರುತ್ತದೆ, ಅದನ್ನು ಒತ್ತಿದರೆ ಅವರು ಒಯ್ದ ಸಾಮಾನಿನ ಪಟ್ಟಿ ತೆರೆಯುತ್ತದೆ. ಒತ್ತಲಿಲ್ಲ. ಹಸಿರು ಒತ್ತಿದೆ.

ಮಧ್ಯಾಹ್ನ ಸಾಹುಕಾರರೇ ಬಾಸ್‌ಗೆ ಫೋನ್ ಮಾಡಿದರು. ಎಂದೂ ಫೋನ್ ಮಾಡದ ಮನುಷ್ಯ. ದಟ್ಟಗಳ್ಳಿಯ ಒಬ್ಬರು, ಅಂಗಡಿಯ ಹಳೆಯ ಗಿರಾಕಿ, ಮಂಗಳವಾರ ಬೆಳಗ್ಗೆ ಬಂದು ಎಳ್ಳು, ದರ್ಭೆ, ಬಿಳಿ ಬಟ್ಟೆ ಒಯ್ದಿದ್ದರು. ತೀರಿಕೊಂಡದ್ದು ಅವರ ಹೆಂಡತಿ. ಸಾಹುಕಾರರು ಸ್ವತಃ ಕಟ್ಟಿಕೊಟ್ಟು, ಎಂದಿನಂತೆ ಮಾತಿಲ್ಲದೆ ಕಳಿಸಿದ್ದರು. ಮೂರನೆಯ ದಿನ ಶ್ರೀರಂಗಪಟ್ಟಣದ ಹೊಳೆಯಲ್ಲಿ ಅಸ್ಥಿ ಬಿಟ್ಟು ವಾಪಸ್ ಬರುತ್ತಿದ್ದಾಗ ಕಾರಿನಲ್ಲೇ ಅವರ ಫೋನು ಸದ್ದು ಮಾಡಿದೆ. ಹಳೆಯ ಬಿಲ್ಲುಗಳಲ್ಲೆಲ್ಲ ಬಳೆ, ಕುಂಕುಮ, ಮಲ್ಲಿಗೆ ಊದುಬತ್ತಿ ಇದ್ದವು, ಈ ಬಿಲ್ಲಿನಲ್ಲಿ ಅವು ಇರಲಿಲ್ಲ. ಈ ಸಲ ಹೆಂಡತಿ ಬಂದಿಲ್ಲ ಎಂದು ಎಐ ಸರಿಯಾಗಿಯೇ ಲೆಕ್ಕ ಹಾಕಿತ್ತು.

ಆ ಕ್ಷಣದಲ್ಲಿ ನನಗೆ ಮೊದಲು ಆದದ್ದು ಏನೆಂದು ಬರೆಯಲು ನಾಚಿಕೆಯಾಗುತ್ತದೆ. ಖುಷಿಯಾಯಿತು. ನೋಡಿ, ಸಿಕ್ಕಿಬಿತ್ತು, ಇನ್ನು ನನ್ನ ಕುರ್ಚಿ ಯಾರೂ ಅಲುಗಾಡಿಸುವ ಹಾಗಿಲ್ಲ ಎಂದುಕೊಂಡೆ. ಒಬ್ಬರ ಮನೆಯ ಸಾವಿನ ಮೇಲೆ ನನ್ನ ಕೆಲಸ ಉಳಿಯಿತೆಂದು ಎದೆ ಹಗುರವಾಯಿತು. ಆಮೇಲೆ ಒಪ್ಪಿಗೆ ಕೊಟ್ಟವರ ಹೆಸರಿನ ಜಾಗದಲ್ಲಿ ಯಾರ ಹೆಸರಿದೆ ಎಂಬುದು ನೆನಪಾಯಿತು.

ಭಾನುವಾರ ಕ್ಷಮೆ ಕೇಳಲು ನನ್ನನ್ನೇ ಕಳಿಸಿದರು. ಹೆಂಗಸು ಹೋದರೆ ಒಳ್ಳೆಯದಂತೆ. ಹೊರಡುವಾಗ ಬಾಸ್ ಹೇಳಿಕೊಟ್ಟರು. "ಎಲ್ಲ ಆಟೋಮ್ಯಾಟಿಕ್, ಯಾರೂ ನೋಡಿರಲಿಲ್ಲ ಅಂದ್ಬಿಡಿ. ಮಾತು ಬೆಳೆಸಬೇಡಿ."

ಸಿಟಿ ಬಸ್ಸಿನಲ್ಲಿ ಆ ವಾಕ್ಯವನ್ನೇ ಬಾಯಿಪಾಠ ಮಾಡಿಕೊಂಡು ಹೋದೆ. ಮನೆ ಸಣ್ಣದು, ಬಾಗಿಲು ತೆರೆದೇ ಇತ್ತು, ಒಳಗೆ ಒಂದು ದೀಪ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಗಟ್ಟಿ ಕೈಗಳು, ಉಗುರಿನ ಸಂದಿಯಲ್ಲಿ ಹಳೆಯ ಗ್ರೀಸಿನ ಕಪ್ಪು ಇನ್ನೂ ಹೋಗಿರಲಿಲ್ಲ. ನಾನು ಅಂಗಡಿಯ ಜಾಹೀರಾತು ಬರೆಯುವವಳು, ಕ್ಷಮೆ ಕೇಳಲು ಬಂದೆ ಎಂದೆ. ಅವರು ಕುರ್ಚಿ ತೋರಿಸಿದರು. ಒಳಗೆ ಹೋಗಿ ಒಂದು ಕಟ್ಟು ತಂದು ಮುಂದಿಟ್ಟರು. ಅಂಗಡಿಯ ಕಾಗದದ ಚೀಲಗಳು, ಇಸ್ತ್ರಿ ಮಾಡಿದ ಹಾಗೆ ಮಡಿಸಿದ್ದವು, ಐವತ್ತಾದರೂ ಇದ್ದವು. ಮೇಲೆಲ್ಲ ನನ್ನ "ಹೋಗಿ ಬನ್ನಿ".

"ಅವ್ಳು ಒಂದನ್ನೂ ಬಿಸಾಕ್ತಿರ್ಲಿಲ್ಲ" ಎಂದರು. "ಹಾಸ್ಗೆ ಕೆಳಗೆ ಮಡ್ಗಿದ್ಲು. ಇದ್ನ ನೀವೇ ಬರ್ದಿದ್ದಾ?"

"ಹೌದು."

"ಹಂಗಾರೆ ಮೊನ್ನೇದೂ ನೀವೇಯಾ?"

"ಅಲ್ಲ. ಅದು ಕಂಪ್ಯೂಟರ್ ಬರೆದದ್ದು. ಬಿಲ್ ನೋಡಿ ಅದೇ ಬರೆದುಕೊಳ್ಳುತ್ತೆ."

ಅವರು ಸ್ವಲ್ಪ ಹೊತ್ತು ಚೀಲದ ಅಂಚನ್ನು ಹೆಬ್ಬೆರಳಲ್ಲಿ ನೀವುತ್ತ ಕೂತರು. "ನಂಗೆ ಕೋಪ ಬರ್ಲಿಲ್ಲ ಕಣಮ್ಮ" ಎಂದರು. "ಕಾರಲ್ಲಿ ಅದನ್ನ ಓದ್ದಾಗ, ಒಂದ್ ಗಳಿಗೆ, ಹೌದಲ್ಲ, ಇವ್ಳನ್ನ ಕರ್ಕೊಂಡ್ ಹೋಗ್ಬೇಕಿತ್ತು ಅನ್ನುಸ್ಬುಡ್ತು. ಮಗ್ಗುಲಿಗೆ ತಿರುಗ್ ನೋಡ್ಬುಟ್ಟೆ. ಅದಕ್ಕೇ ಸಾವ್ಕಾರ್ರಿಗೆ ಫೋನ್ ಮಾಡ್ದೆ. ಇನ್ಯಾರ್ಗೂ ಹಿಂಗಾಗೋದ್ ಬ್ಯಾಡ."

ಅವರೇ ಮುಂದುವರಿಸಿದರು.

"ಕಂಪ್ಯೂಟ್ರು ಬರೀತು, ಸರಿ. ಅದಕ್ಕೇನ್ ಗೊತ್ತಾದದು. ಕಳ್ಸೋಕ್ ಮುಂಚೆ ನೀವ್ಯಾರೂ ನೋಡ್ಲಿಲ್ವಾ?"

ಯಾರೂ ನೋಡಿರಲಿಲ್ಲ ಎನ್ನುವ ವಾಕ್ಯ ಬಾಯಿಯವರೆಗೆ ಬಂದಿತ್ತು. ಆ ಚೀಲಗಳ ಮುಂದೆ ಅದನ್ನು ಆಡಲು ಆಗಲಿಲ್ಲ.

"ನಾನೇ ನೋಡಿದ್ದು" ಎಂದೆ.

"ನೋಡಿ?"

"ಚೆನ್ನಾಗಿದೆ ಅನ್ನಿಸ್ತು."

ಅವರು ನನ್ನ ಮುಖವನ್ನೇ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಚೀಲಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದರು. ನಾನು ಬರುತ್ತೇನೆ ಎನ್ನದೆ ಎದ್ದು ಬಂದೆ.

ಸೋಮವಾರ ಬಾಸ್ ಎದುರು ಕೂತು ನಾಲ್ಕು ದಿನದಿಂದ ಮನಸ್ಸಿನಲ್ಲಿ ಸೇರಿಸಿಟ್ಟುಕೊಂಡದ್ದನ್ನೆಲ್ಲ ಹೇಳಿದೆ. ಇಂಥದು ಯಾವ ಬಿಲ್ಲಿನಲ್ಲೂ ಇರುವುದಿಲ್ಲ, ಯಾವ ನೋಟ್‌ಬುಕ್ಕಿನಲ್ಲೂ ಇರುವುದಿಲ್ಲ, ಅಂಗಡಿಯಲ್ಲಿ ಕೂತು ನೋಡಿದವರಿಗೆ ಮಾತ್ರ ಗೊತ್ತಾಗುವುದು, ಇದಕ್ಕೇ ಮನುಷ್ಯರು ಬೇಕು ಎಂದೆ. ನನ್ನ ದನಿ ಏರಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಮನುಷ್ಯರೇ ನೋಡಿದ್ದಲ್ವಾ ಇದನ್ನ?"

ಕುಹಕವೇನೂ ಇರಲಿಲ್ಲ ಅವರ ದನಿಯಲ್ಲಿ. ನಿಜವಾಗಿಯೇ ಕೇಳಿದರು. ದಿನಕ್ಕೆ ಮುನ್ನೂರು ನೋಡಿಸಿದರೆ ಯಾವ ಕಣ್ಣು ತಾನೇ ನೋಡುತ್ತದೆ ಎಂದು ಈಗ ಅನ್ನಿಸುತ್ತದೆ. ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಅದು ಅರ್ಧ ನಿಜ. ಆ ಗುರುವಾರ ನಾನು ಓದಿದ್ದೆ, ಪೂರ್ತಿ ಓದಿದ್ದೆ. ನನ್ನದೇ ಮಾತೆಂದು ಉಬ್ಬಿ ಹೋಗಿದ್ದೆ.

"ಇಂಥವು ಇನ್ನೇನೇನಿದೆ, ಒಂದು ಪಟ್ಟಿ ಮಾಡಿ ಕೊಡಿ" ಎಂದರು ಬಾಸ್.

ಕೊಡದೆ ಇರಬಹುದಿತ್ತು. ಆದರೆ ಕಾರಿನಲ್ಲಿ ಮಗ್ಗುಲಿಗೆ ತಿರುಗಿ ನೋಡಿದ ಆ ಮನುಷ್ಯ ನೆನಪಾಗುತ್ತಿದ್ದರು. ನನ್ನ ಕುರ್ಚಿ ಉಳಿಯಲಿ ಎಂದು ಇನ್ನೊಬ್ಬರನ್ನು ಹಾಗೆ ತಿರುಗಿ ನೋಡಿಸುವುದೇ? ಕೂತು ಬರೆದೆ. ಎಳ್ಳು, ದರ್ಭೆ, ಬಿಳಿ ಬಟ್ಟೆ ಒಟ್ಟಿಗೆ ಇದ್ದರೆ ಆ ನಂಬರಿಗೆ ಒಂದು ವರ್ಷ ಏನೂ ಕಳಿಸಬಾರದು. ಆ ಮನೆಗೆ ಆ ವರ್ಷ ಹಬ್ಬದ ಶುಭಾಶಯ ಇಲ್ಲ. ಪಿತೃಪಕ್ಷದಲ್ಲಿ ಯಾರಿಗೂ ರಿಯಾಯಿತಿ ಇಲ್ಲ, ಅಭಿನಂದನೆ ಇಲ್ಲ. ತೊಟ್ಟಿಲ ಸಾಮಾನು ಒಯ್ದವರಿಗೆ ಮಗುವಿನ ಮಾತು ನಾವಾಗಿ ಎತ್ತಬಾರದು, ಅವರು ಮತ್ತೆ ಬಂದು ಹೇಳಿದರೆ ಮಾತ್ರ. ಹೀಗೆ ನಾಲ್ಕು ಪುಟ ಆಯಿತು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ನಾನು ತಿಳಿದುಕೊಂಡದ್ದೆಲ್ಲ ಆ ನಾಲ್ಕು ಪುಟದಲ್ಲಿ ಇತ್ತು. ಬಾಸ್ ಅದನ್ನು ಒಳಗೆ ಹಾಕಿದರು. ನಾನು ಕೆಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ನಾನು ಮರೆತಿದ್ದ ಎರಡನ್ನು ಅದೇ ಸೇರಿಸಿತ್ತು. ಎರಡೂ ಸರಿಯಾಗಿದ್ದವು.

ವರ್ಷದ ಕೊನೆಗೆ ಬಾಸ್ ಲೆಕ್ಕ ಹಾಕಿದರು. ಪಟ್ಟಿ ಕೊಟ್ಟ ಮೇಲೆ ನಾನು ಹಳದಿ ಗುಂಡಿ ಒತ್ತಿದ್ದು ಒಂಬತ್ತು ಸಲ. ಅದರಲ್ಲಿ ಆರು, ಒತ್ತದಿದ್ದರೂ ನಡೆಯುತ್ತಿತ್ತು. "ಸೀಸನ್‌ಗೆ ಖಂಡಿತ ಬರಬೇಕು ನೀವು" ಎಂದು ಎರಡು ಸಲ ಹೇಳಿದರು. ನನ್ನ ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡನ್ನು ಯಾರ ಮೇಜಿನ ಮೇಲೆ ಇಡಲಿ ಎಂದು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಚೀಲಕ್ಕೆ ಹಾಕಿಕೊಂಡೆ.

ಅದೇ ವಾರ ಸಾಹುಕಾರರ ಅಂಗಡಿಗೆ ಹೋದೆ. ಎಪ್ಪತ್ತೈದು ದಾಟಿದ್ದರೂ ಹಳೆಯ ಅಂಗಡಿಯ ಕಟ್ಟೆ ಬಿಟ್ಟಿಲ್ಲ ಅವರು. ಸ್ಟೂಲಿನ ಮೇಲೆ ಕರ್ಪೂರದ ರಟ್ಟಿನ ಪೆಟ್ಟಿಗೆ ಇತ್ತು. ನನ್ನನ್ನು ನೋಡಿ ಅದನ್ನು ಇಳಿಸಿ, ಸ್ಟೂಲನ್ನು ಒರೆಸಿದರು. ಕೂತೆ. ಕೆಲಸ ಹೋದದ್ದನ್ನು ಹೇಳಿದೆ. ಹೋಯಿತು ಎನ್ನಲು ನಾಲಿಗೆ ಬರದೆ, ಕಡಿಮೆಯಾಯಿತು ಎಂದೆ. ಅವರು ಕೇಳಿಸಿಕೊಂಡರು.

"ಪುಸ್ತಕ ಏನ್ ಮಾಡ್ದೆ?" ಎಂದರು.

"ಮನೇಲಿದೆ. ಅದರಲ್ಲಿರೋದೆಲ್ಲ ಈಗ ಕಂಪ್ಯೂಟರ್ ಹತ್ರ ಇದೆ."

ಒಬ್ಬಳು ಹೆಂಗಸು ಬಂದು ಅರಿಶಿನದ ಕೊಂಬು ಕೇಳಿದಳು, ಫೋನಿನಲ್ಲಿ ಯಾರಿಗೋ ಏನೋ ಹೇಳುತ್ತ ಹೋದಳು. ಅಭ್ಯಾಸಬ‌ಲದಿಂದ ನನ್ನ ಕೈ ಚೀಲದ ಕಡೆ ಹೋಯಿತು. ನೋಟ್‌ಬುಕ್ ತಂದಿರಲಿಲ್ಲ.

ಬರಿಗೈಯಲ್ಲಿ ಹೋಗಬಾರದೆಂದು ಒಂದು ಪೊಟ್ಟಣ ಮಲ್ಲಿಗೆ ಊದುಬತ್ತಿ ಕೇಳಿದೆ. ಸಾಹುಕಾರರು ಅದನ್ನು ತಾವೇ ಕಾಗದದಲ್ಲಿ ಸುತ್ತಿ ದಾರ ಕಟ್ಟಿದರು. ಕಟ್ಟಿ, ಕಟ್ಟೆಯ ಮೇಲೆ ಇಟ್ಟರು. ನಾನು ಎತ್ತಿಕೊಂಡು ನಿಂತೆ. ಅವರು ಆಗಲೇ ಆ ಕಡೆ ತಿರುಗಿ ಡಬ್ಬಿಗಳನ್ನು ಸರಿ ಮಾಡುತ್ತಿದ್ದರು. "ಹೋಗಿ ಬನ್ನಿ" ಎನ್ನಲಿಲ್ಲ. ವಯಸ್ಸಾಗಿದೆ, ಮರೆತಿರಬಹುದು ಎಂದು ಯಾರಾದರೂ ಹೇಳಬಹುದು. ಆ ಮನುಷ್ಯ ಅದನ್ನು ಮರೆಯುವುದನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ.

ಬಿಲ್ಲಿನ ಕೌಂಟರಿನಲ್ಲಿ ನಂಬರ್ ಕೇಳಿದರು, ಕೊಟ್ಟೆ. ಬಸ್ ಸ್ಟಾಪ್ ತಲುಪುವ ಮುಂಚೆಯೇ ಫೋನು ಸದ್ದು ಮಾಡಿತು. ಈಗ ನಡುವೆ ಕೂತು ನೋಡುವವರು ಯಾರೂ ಇಲ್ಲವಲ್ಲ, ಬಿಲ್ಲಾದ ಕೂಡಲೇ ಬರುತ್ತದೆ.

"ನಮಸ್ಕಾರ ಅಮ್ಮ. ಬಹಳ ದಿನದ ಮೇಲೆ ಬಂದಿರಿ, ಸಂತೋಷ. ಈ ಊದುಬತ್ತಿಗೆ ಹೊಗೆ ಕಮ್ಮಿ, ಮನೆಯಲ್ಲಿ ಕೆಮ್ಮುವವರಿದ್ದರೂ ಯೋಚನೆ ಬೇಡ. ಹೋಗಿ ಬನ್ನಿ."

ಬಿಸಿಲಿನಲ್ಲಿ ಪರದೆಗೆ ಕೈ ಅಡ್ಡ ಹಿಡಿದುಕೊಂಡು ಎರಡು ಸಲ ಓದಿದೆ. ತಪ್ಪು ಹುಡುಕಿದೆ. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.